ಹಗುರ ಸೈಕಲ್ಲು, ಬಿಳಿ ದಾರಿ

ಇಂಡಿ

ಅರವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿದವನ ಕಥನ ಇದು. ಓದಿ ಯಾರೂ ಇಟಲಿಗೆ ಹೋಗಿಬರುವ ಉಮೇದು ತಂದುಕೊಳ್ಳುವುದು ಬೇಡ. ಹಿಂತಿರುಗಿ ಎಷ್ಟೋ ವಾರಗಳಾದರೂ ನನ್ನ ಮೈಯೊಳಗಿನ ದಣಿವು ಇನ್ನೂ ಹೋಗಿಲ್ಲ.

ನಾನು ಶಾಲೆಯಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಅದು ಸಂಬಳದ ಕೆಲಸ. ನಿಜವಾದ ಕೆಲಸ ಬೆಳಿಗ್ಗೆ ಐದರಿಂದ ಎಂಟರವರೆಗೆ, ರಸ್ತೆಯ ಮೇಲೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಹುಡುಗ ಹುಡುಗಿಯರಿಗೆ ಮೂವತ್ತು ವರ್ಷ ಸೈಕಲ್ ಓಟ ಕಲಿಸಿದೆ. ನಮ್ಮಲ್ಲಿ ಗುಡ್ಡಗಳಿಲ್ಲ, ಎದುರುಗಾಳಿ ಇದೆ. ಅದರಲ್ಲೇ ಕಾಲು ಗಟ್ಟಿ ಮಾಡಿಕೊಂಡು ಎಷ್ಟೋ ಮಕ್ಕಳು ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋದರು. ಅದೇ ಪ್ರಮಾಣಪತ್ರ ತೋರಿಸಿ ರೈಲ್ವೆ, ಪೊಲೀಸು ಇಲಾಖೆಗಳಲ್ಲಿ ಕೆಲಸ ಹಿಡಿದರು.

ನಿವೃತ್ತನಾದಾಗ ಆ ಮಕ್ಕಳೆಲ್ಲ ಕೂಡಿ ನನಗೊಂದು ಸೈಕಲ್ಲು ಕೊಟ್ಟರು. ಪೂರಾ ಕಾರ್ಬನ್‌ನದು. ಗುಡ್ಡ ಹತ್ತಲಿಕ್ಕೂ ಕೆಟ್ಟ ರಸ್ತೆಯಲ್ಲಿ ಓಡಲಿಕ್ಕೂ ಒಂದೇ ಸೈಕಲ್ಲು ಎಂದು ಅದು ಹೆಸರುವಾಸಿ. ಕಾರ್ಬನ್ ಎಂದರೆ ಟೈಪು ಮಾಡುವಾಗ ಹಾಳೆಯ ನಡುವೆ ಇಡುವ ಕಪ್ಪು ಕಾಗದ ಎಂದಷ್ಟೇ ತಿಳಿದಿದ್ದ ನಮ್ಮ ಓಣಿಯವರು ಒಬ್ಬೊಬ್ಬರಾಗಿ ಬಂದು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

“ಇದರೊಳಗ ಏನೂ ಇಲ್ಲಲ್ರಿ ಮಾಸ್ತರ,” ಅಂದರು ಎದುರು ಮನೆಯ ಹಿರಿಯರು. “ಕ್ಯಾರಿಯರ್ ಎಲ್ಲಿ? ಒಂದ ಸಿವುಡ ಮೇವು ತರಬೇಕಂದ್ರ ಎಲ್ಲಿ ಕಟ್ಟಬೇಕು?”

ಸೈಕಲ್ಲಿನ ಜೊತೆಗೆ ಇಟಲಿಯ ಸಿಯೆನಾ ಊರಿನ ಸುತ್ತಣ ಗುಡ್ಡಗಳಲ್ಲಿ ವಯಸ್ಸಾದವರಿಗಾಗಿಯೇ ನಡೆಯುವ ಒಂದು ಸವಾರಿಗೂ ನನ್ನ ಹೆಸರು ಬರೆಸಿದ್ದರು. ಓಡಾಡಿ ಎಲ್ಲ ಮಾಡಿಸಿದವನು ಬಸವನ ಬಾಗೇವಾಡಿಯ ನಿಂಗನಗೌಡ, ನನ್ನ ಹಳೆಯ ಶಿಷ್ಯ, ಈಗ ರೈಲ್ವೆಯಲ್ಲಿದ್ದಾನೆ. ಅವನದು ಒಂದೇ ಬೇಡಿಕೆ.

“ಗುಡ್ಡದ ತುದಿಗೆ ನಿಂತು ಒಂದ ಫೋಟೋ ಹಾಕ್ರಿ ಸರ್. ನಾಕೂ ತಾಲೂಕಿನವ್ರು ಕಾಯ್ತಿರ್ತೇವಿ.”

ಅವನು ಯಾಕೆ ಹಾಗೆ ಹೇಳಿದ ಎಂದು ನನಗೆ ಗೊತ್ತು. ನನ್ನ ಕೈಕೆಳಗೆ ಕಲಿತವರೆಲ್ಲರಿಗೂ ಒಂದು ಕಟ್ಟಳೆ ಇತ್ತು. ಓಟದಲ್ಲಿ ಎಲ್ಲರ ಹಿಂದೆ ಒಂದು ಗಾಡಿ ಬರುತ್ತದೆ, ಕೈಲಾಗದೆ ಇಳಿದವರನ್ನು ತುಂಬಿಕೊಂಡು. ಕಾಲು ಮುರಿದರೂ ಆ ಗಾಡಿ ಹತ್ತಬಾರದು. ನಡೆದಾದರೂ ಬನ್ನಿ, ಹತ್ತಬೇಡಿ. ಮೂವತ್ತು ವರ್ಷ ಈ ಮಾತು ಹೇಳಿ ಹೇಳಿ ಮಕ್ಕಳ ಕಿವಿ ತೂತು ಮಾಡಿದ್ದೆ. ಈಗ ಮಾತು ಹೇಳಿದವನ ಸರದಿ.

ಬೀಳ್ಕೊಡುವ ದಿನ ಪೂಜೆ ಆಯಿತು. ಗಾಲಿಗೆ ಇಂಡಿಯ ಲಿಂಬೆಹಣ್ಣು, ಹ್ಯಾಂಡಲ್ಲಿಗೆ ಹೂವು, ಕುಂಕುಮ. ಹೊಸ ಸೈಕಲ್ಲು ಬಂದರೆ ಮೊದಲು ನಾನೇ ಬಿಚ್ಚಿ, ನನ್ನ ಕೈಯಾರೆ ಗ್ರೀಸ್ ಹಚ್ಚಿ ಕೂಡಿಸಬೇಕು. ಅದು ನಮ್ಮಲ್ಲಿ ಪೂಜೆಯಷ್ಟೇ ನಡೆದುಬಂದ ಪದ್ಧತಿ. ಯಾಕೆಂದರೆ ನಮ್ಮ ಕರಿಮಣ್ಣಿನ ಧೂಳು, ಮಳೆನೀರು ಸೇರಿ ಸೀಟಿನ ಪೈಪು ತುಕ್ಕು ಹಿಡಿದು ಕಚ್ಚಿಕೊಂಡರೆ ಎತ್ತಿನ ಜೋಡಿ ಕಟ್ಟಿ ಎಳೆದರೂ ಬರುವುದಿಲ್ಲ. ಒಂದೆರಡು ಸಲ ಗರಗಸ ಹಾಕಿ ಕೊಯ್ದಿದ್ದೇನೆ. ಹಾಗಾಗಿ ಶನಿವಾರಕ್ಕೊಮ್ಮೆ ಎಲ್ಲ ಸೈಕಲ್ಲಿನ ಎಲ್ಲ ಪೈಪಿಗೂ ಗ್ರೀಸ್. ಈ ಹೊಸ ಸೈಕಲ್ಲಿನ ಸೀಟಿನ ಪೈಪು ಬಿಚ್ಚಿದರೆ ಒಳಗೆ ಏನೋ ಮರಳು ಮರಳಾಗಿ ಅಂಟಿತ್ತು. ಇಷ್ಟು ದೊಡ್ಡ ಕಂಪನಿ, ಮರಳು ಒರೆಸಲಿಕ್ಕೂ ಪುರುಸೊತ್ತಿಲ್ಲವೇ ಎಂದು ಬೈದುಕೊಂಡು ಸ್ವಚ್ಛ ಮಾಡಿ, ಧಾರಾಳವಾಗಿ ಗ್ರೀಸ್ ಹಚ್ಚಿ, ಬಿಗಿದೆ.

ನೋಡುತ್ತ ನಿಂತವರಲ್ಲಿ ರೇಣುಕಾ ಇದ್ದಳು. ಮುದ್ದೇಬಿಹಾಳದ ಹುಡುಗಿ, ಅಲ್ಲ, ಈಗ ಎರಡು ಮಕ್ಕಳ ತಾಯಿ, ಸಿಂದಗಿಯಲ್ಲಿ ಬಸ್ ಕಂಡಕ್ಟರ್. ಸೈಕಲ್ ಬಿಟ್ಟು ಹದಿನೈದು ವರ್ಷವಾಗಿತ್ತು. ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಅವಳು ಹತ್ತಿರ ಬಂದು ಸೀಟಿನ ಮೇಲೆ ಅಂಗೈ ಊರಿ ಒಮ್ಮೆ ಒತ್ತಿದಳು.

“ಸೀಟ ಗಟ್ಟಿ ನಿಂದ್ರತೈತೇನ್ರಿ ಸರ್?”

“ನಾನ ಬಿಗಿದೇನಲ್ಲ,” ಅಂದೆ.

“ಹೌದ್ರಿ,” ಅಂದು ಅವಳು ಹಿಂದೆ ಸರಿದಳು.

ವಿಮಾನ ನಿಲ್ದಾಣ

ಮುಂಬೈಯಲ್ಲಿ ಸೈಕಲ್ಲಿನ ಡಬ್ಬಿ ತೆರೆಸಿದರು. ಕುಂಕುಮ ಉದುರಿ ಒಳಗೆಲ್ಲ ಕೆಂಪು ಪುಡಿಯಾಗಿತ್ತು. ಅಧಿಕಾರಿ ಒಂದು ಬಟ್ಟೆಯ ಚೂರಿನಿಂದ ಅದನ್ನು ಒರೆಸಿ ಯಂತ್ರಕ್ಕೆ ಹಿಡಿದ, ಪಕ್ಕದ ಚೀಲದಲ್ಲಿದ್ದ ಶೇಂಗಾ ಚಟ್ನಿ ಪುಡಿಯನ್ನೂ ಹಿಡಿದ. ಎರಡೂ ಸಿಡಿಯುವ ಪದಾರ್ಥವಲ್ಲ ಎಂದು ಯಂತ್ರ ಒಪ್ಪಿಕೊಂಡಿತು. ಲಿಂಬೆಹಣ್ಣು ಯಾಕೆ ಎಂದು ಕೇಳಿದ. ಮರಾಠಿಯಲ್ಲಿ ಹೇಳಿದೆ, ದೃಷ್ಟಿ ಆಗಬಾರದೆಂದು. ಅವನು ನಗಲಿಲ್ಲ, ತಾನೂ ನಂಬುವವನೇ ಇರಬೇಕು, ಅದನ್ನು ಇದ್ದಲ್ಲಿಯೇ ಇಟ್ಟು ಡಬ್ಬಿ ಮುಚ್ಚಿದ.

ಎರಡು ವಿಮಾನ, ಒಂದು ರೈಲು, ಒಂದು ಬಸ್ಸು. ಕೂತು ಕೂತು ಸೊಂಟ ಕಟ್ಟಿಗೆಯಾಯಿತು. ಊಟವೆಂದು ತಂದಿಟ್ಟದ್ದರಲ್ಲಿ ನನಗೆ ಗುರುತು ಸಿಕ್ಕದ್ದು ಮೊಸರು ಒಂದೇ. ಊರಿಂದ ಕಟ್ಟಿಕೊಂಡು ಬಂದಿದ್ದ ಒಣ ಕಟಕ ರೊಟ್ಟಿ ಮುರಿದು ಚಟ್ನಿ ಹಚ್ಚಿಕೊಂಡೆ. ಮುರಿದ ಸದ್ದಿಗೆ ಪಕ್ಕದಾಕೆ ನಿದ್ದೆಯಿಂದ ಬೆಚ್ಚಿದಳು.

ಸಿಯೆನಾದ ಹತ್ತಿರ ಒಂದು ಹಳ್ಳಿ

ಬೇರೆ ದೇಶ ಎಂದು ಇಷ್ಟು ದೂರ ಬಂದರೆ ಕಣ್ಣಿಗೆ ಬಿದ್ದದ್ದು ಸೂರ್ಯಕಾಂತಿ ಹೊಲ, ದ್ರಾಕ್ಷಿ ತೋಟ. ನಮ್ಮಲ್ಲಿ ಚಪ್ಪರ ಹಾಕಿ ತಲೆಯ ಮೇಲೆ ಹಬ್ಬಿಸುತ್ತೇವೆ, ಅವರು ಸೊಂಟದೆತ್ತರಕ್ಕೆ ಸಾಲು ಕಟ್ಟಿ ನಿಲ್ಲಿಸುತ್ತಾರೆ, ಅಷ್ಟೇ ವ್ಯತ್ಯಾಸ. ನಮ್ಮವರು ಒಣಗಿಸಿ ಮನೂಕ ಮಾಡಿದರೆ ಅವರು ಕೊಳೆಸಿ ಕುಡಿಯುತ್ತಾರೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳ ಬಾಗಿಲು ಬಂದ್. ಸಿಂದಗಿಯ ಪೇಟೆಯಲ್ಲಿ ಬೇಸಿಗೆಯ ಮಧ್ಯಾಹ್ನ ಹೇಗೋ ಹಾಗೆ. ನಾಯಿಯೂ ಅದೇ ರೀತಿ ಅಂಗಡಿಯ ಕಟ್ಟೆಯ ಕೆಳಗೆ ಕಾಲು ಚಾಚಿ ಮಲಗಿತ್ತು.

ನಾನು ಇಳಿದುಕೊಂಡಿದ್ದ ಮನೆಯೊಡತಿ ಪಾವೊಲಾ, ನನ್ನದೇ ವಯಸ್ಸಿನ ವಿಧವೆ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದವು, ಅದಕ್ಕೇ ಇಬ್ಬರಿಗೂ ಚೆನ್ನಾಗಿ ತಿಳಿಯುತ್ತಿತ್ತು. ಊಟವಾದ ಮೇಲೆ ಹಾಲು ಹಾಕಿದ ಕಾಫಿ ಕೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಮೈಯಲ್ಲಿ ಹುಷಾರಿಲ್ಲವೇ ಎಂದು. ಅಲ್ಲಿ ಹಾಲಿನ ಕಾಫಿ ಬೆಳಿಗ್ಗೆ ಮಾತ್ರ ಅಂತೆ, ಹೊತ್ತು ಏರಿದ ಮೇಲೆ ಕೇಳುವವರು ರೋಗಿಗಳು. ಸೈಕಲ್ಲನ್ನು ಹೊರಗೆ ನಿಲ್ಲಿಸಲು ಹೋದರೆ ತಡೆದು, ನನ್ನ ಮಲಗುವ ಕೋಣೆಗೇ ತಂದು ಮಂಚದ ಪಕ್ಕದಲ್ಲಿ ಒರಗಿಸಿದಳು. ನಮ್ಮಲ್ಲಿ ಕರು ಹಾಕಿದ ಎಮ್ಮೆಗೂ ಅಷ್ಟು ಮರ್ಯಾದೆ ಇಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಮೈ ಇನ್ನೂ ಇಂಡಿಯ ಗಡಿಯಾರದಲ್ಲೇ ಇತ್ತು.

ಬಿಳಿ ದಾರಿ

ಸವಾರಿಗೆ ಸೇರಿದವರೆಲ್ಲ ಮುದುಕರೇ. ಕಾಲಿನ ಕೂದಲು ಬೋಳಿಸಿಕೊಂಡು, ಎಣ್ಣೆ ತಿಕ್ಕಿಕೊಂಡು, ಮದುವೆಗೆ ಹೊರಟವರಂತೆ ಮಿಂಚುತ್ತಿದ್ದರು. ನನ್ನ ಕಾಲು ನೋಡಿ ಒಬ್ಬ ಮರ್ಯಾದೆಯಿಂದ ಬೇರೆ ಕಡೆ ತಿರುಗಿದ.

ಮೊದಲ ಇಪ್ಪತ್ತು ಕಿಲೋಮೀಟರು ಡಾಂಬರು. ಸೈಕಲ್ಲು ಹೇಗೆ ಓಡಿತು ಎಂದು ಏನು ಹೇಳಲಿ. ಪೆಡಲ್ ತುಳಿಯುವ ಮೊದಲೇ ಅದಕ್ಕೆ ನನ್ನ ಮನಸ್ಸು ತಿಳಿದಂತೆ ಇತ್ತು. ಏರಿನಲ್ಲಿ ಭಾರವೆಂಬುದೇ ಇಲ್ಲ. ಜೀವನವಿಡೀ ಕಬ್ಬಿಣ ತುಳಿದವನಿಗೆ ಕಣ್ಣು ತುಂಬಿ ಬಂತು. ಇಂಥದ್ದೊಂದು ಆ ಮಕ್ಕಳಿಗೆ ಆಗ ಸಿಕ್ಕಿದ್ದರೆ ಎಂದುಕೊಂಡೆ.

ಆಮೇಲೆ ಬಿಳಿ ದಾರಿ ಶುರುವಾಯಿತು. ನಮ್ಮ ಹೊರ್ತಿಯ ಕಡೆ ಹೊಲದ ದಾರಿಗೆ ಗರಸು, ಸಣ್ಣ ಕಲ್ಲುಮಣ್ಣು, ಹಾಕುತ್ತಾರಲ್ಲ, ಅದೇ, ಬಣ್ಣ ಮಾತ್ರ ಬಿಳಿ. ಇಲ್ಲಿ ಅದನ್ನು ಡಾಂಬರು ಮಾಡಬಾರದೆಂದು ಊರವರೇ ಹಟ ಹಿಡಿದು ಕಾಪಾಡಿಕೊಂಡಿದ್ದಾರೆ. ನಾವು ಡಾಂಬರು ಮಾಡಿ ಎಂದು ಅರ್ಜಿ ಕೊಟ್ಟು ಕೊಟ್ಟು ಸೋತಿದ್ದೇವೆ. ಕಲ್ಲು ಕುಣಿಸಿದರೂ ಸೈಕಲ್ಲು ಕುಣಿಯಲಿಲ್ಲ, ನುಂಗಿಕೊಂಡು ಮುಂದೆ ಹೋಯಿತು. ನಡುದಾರಿಯಲ್ಲಿ ಒಂದು ಮೇಜು ಹಾಕಿ ಬ್ರೆಡ್ಡು, ಗಿಣ್ಣು, ದ್ರಾಕ್ಷಾರಸ ಇಟ್ಟಿದ್ದರು. ಮುದುಕರು ಒಂದೊಂದು ಲೋಟ ಏರಿಸಿ ಮೀಸೆ ಒರೆಸಿಕೊಂಡು ಮತ್ತೆ ಸೈಕಲ್ ಹತ್ತಿದರು. ನಾನು ನೀರಿಗೆ ಲಿಂಬೆ ಹಿಂಡಿಕೊಂಡೆ, ಪೂಜೆಯಲ್ಲಿ ಗಾಲಿಗೆ ಇಟ್ಟಿದ್ದ ಅದೇ ಲಿಂಬೆ, ಜೇಬಿನಲ್ಲಿ ಹಾಕಿಕೊಂಡು ಬಂದಿದ್ದೆ.

ನಲವತ್ತು ಕಿಲೋಮೀಟರು ದಾಟಿದ ಮೇಲೆ ಮೊಣಕಾಲು ಮಾತಾಡತೊಡಗಿದವು. ಮೊದಲು ಎಡದ್ದು, ಆಮೇಲೆ ಬಲದ್ದು. ತುಳಿತದಲ್ಲಿ ಜೀವವಿಲ್ಲ. ಕಾಲು ಪೂರಾ ಚಾಚುತ್ತಲೇ ಇಲ್ಲ ಅನಿಸಿತು. ಇಳಿದು ಸೀಟಿನ ಬೋಲ್ಟು ಮುಟ್ಟಿ ನೋಡಿದೆ, ಬಿಗಿಯಾಗಿಯೇ ಇತ್ತು. ಹಾಗಾದರೆ ವಯಸ್ಸು ಎಂದುಕೊಂಡೆ. ನಿದ್ದೆಯಿಲ್ಲ, ಊಟ ಸರಿಯಿಲ್ಲ, ಅರವತ್ತೊಂದು. ಇದಕ್ಕೆ ಬೇರೆ ಕಾರಣ ಹುಡುಕುವುದೇ ನಾಚಿಕೆ. ಕಾರಣ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದ ಆಗುವುದಿಲ್ಲ.

ಕೊನೆಯ ಗುಡ್ಡದ ಬುಡಕ್ಕೆ ಬಂದಾಗ ನನ್ನ ಹಿಂದೆ ಯಾರೂ ಇರಲಿಲ್ಲ. ಆ ಗಾಡಿ ಮಾತ್ರ ಇತ್ತು. ಹಳದಿ ದೀಪ ಮಿನುಗಿಸುತ್ತ, ಹಾರ್ನ್ ಕೂಡ ಮಾಡದೆ, ಹೆಣದ ಹಿಂದೆ ಬರುವವರಂತೆ ನಿಧಾನ ಬರುತ್ತಿತ್ತು. ತುದಿಗೆ ಏಳು ಕಿಲೋಮೀಟರು. ಒಂದು ತುಳಿದೆ, ಎರಡು ತುಳಿದೆ, ಮೂರನೆಯದರಲ್ಲಿ ಎಡ ಮೊಣಕಾಲನ್ನು ಒಳಗಿಂದ ಯಾರೋ ಹಿಂಡಿದಂತಾಯಿತು. ಇಳಿದು ನಡೆದೆ. ನೂರು ಹೆಜ್ಜೆಗೆ ಅದೂ ಆಗಲಿಲ್ಲ. ದಾರಿಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟೆ.

ಗಾಡಿ ನಿಂತಿತು. ಬಾಗಿಲು ತೆರೆಯಿತು. ನಾನು ಹತ್ತಿದೆ.

ಗಾಡಿಯೊಳಗೆ

ಓಡಿಸುತ್ತಿದ್ದವನು ಬ್ರೂನೊ, ಎಪ್ಪತ್ತರ ಸೈಕಲ್ ಮೆಕ್ಯಾನಿಕ್. ಅಂಗಿಗೆ ಅಂಟಿಸಿದ್ದ ನನ್ನ ನಂಬರು ಕತ್ತರಿಸಿ ತೆಗೆದ, ಅದು ಅಲ್ಲಿಯ ನಿಯಮ. ನೀರು ಕೊಟ್ಟ. ಆಮೇಲೆ ಸೈಕಲ್ಲು ಮೇಲೆ ಎತ್ತಿಡಲು ಹೋದವನು ಹಾಗೇ ನಿಂತು, ಅದನ್ನೂ ನನ್ನನ್ನೂ ಒಂದೆರಡು ಸಲ ಅಳೆದು ನೋಡಿದ.

“ಇದು ನಿಮ್ಮದೇ ಸೈಕಲ್ಲಾ?” ಕೇಳಿದ ಮುರುಕು ಇಂಗ್ಲಿಷಿನಲ್ಲಿ. “ಗಿಡ್ಡ ಮನುಷ್ಯರದು ಇದ್ದಂತಿದೆ.”

ಅವನೇ ಸೀಟಿನ ಬೋಲ್ಟು ಸಡಿಲಿಸಿ ಪೈಪು ಮೇಲಕ್ಕೆಳೆದ. ಗ್ರೀಸ್ ಮೆತ್ತಿಕೊಂಡ ಪೈಪಿನ ಮೇಲೆ ಊರಲ್ಲಿ ನಾನು ಬಿಗಿದ ಜಾಗದ ಗೆರೆ ಇನ್ನೂ ಕಾಣುತ್ತಿತ್ತು. ಅಲ್ಲಿಂದ ಈಗ ಇದ್ದ ಜಾಗದವರೆಗೆ ಬ್ರೂನೊ ತನ್ನ ಬೆರಳು ಜೋಡಿಸಿಟ್ಟ. ಒಂದು, ಎರಡು, ಮೂರು. ಮೂರು ಬೆರಳು ಇಳಿದಿತ್ತು.

ಅವನು ಗ್ರೀಸನ್ನು ಮೂಸಿ ನೋಡಿ, ತಲೆ ಅಲ್ಲಾಡಿಸಿ, ಚಿಂದಿಯಲ್ಲಿ ಪೂರಾ ಒರೆಸಿದ. ಚಿಕ್ಕ ಡಬ್ಬಿಯಿಂದ ಮರಳು ಮರಳಾದ ಮುಲಾಮು ತೆಗೆದು ಹಚ್ಚಿದ. ನಾನು ಇಂಡಿಯಲ್ಲಿ ಬೈಯುತ್ತ ಒರೆಸಿ ಎಸೆದದ್ದು ಅದೇ. ಕಬ್ಬಿಣಕ್ಕೆ ಗ್ರೀಸ್ ಬೇಕು, ಕಾರ್ಬನ್ನಿಗೆ ಕೂಡದು ಎಂದು ವಿವರಿಸಿದ. ಕಾರ್ಬನ್ನಿಗೆ ಹಿಡಿತ ಬೇಕು, ಗ್ರೀಸ್ ಬಿದ್ದರೆ ಎಷ್ಟು ಬಿಗಿದರೂ ಜಾರುತ್ತದೆ. ಒಮ್ಮೆಲೇ ಜಾರಿದರೆ ಗೊತ್ತಾಗುತ್ತದೆ, ಕಲ್ಲುದಾರಿಯಲ್ಲಿ ಕೂದಲೆಳೆಯಷ್ಟೇ ಇಳಿಯುತ್ತ ಹೋಗುವುದರಿಂದ ಸವಾರನಿಗೆ ತಿಳಿಯುವುದಿಲ್ಲ, ಕಾಲು ಪೂರಾ ಚಾಚದೆ ಮೊಣಕಾಲು ನೋಯತೊಡಗಿದಾಗ ಕಾಲು ಸತ್ತವು ಎಂದುಕೊಳ್ಳುತ್ತಾನೆ.

ಅವನು ಹೇಳುತ್ತಿದ್ದ. ನಾನು ಖಾನಾಪುರದಾಚೆಯ ಘಟ್ಟದಲ್ಲಿದ್ದೆ.

ಹದಿನೈದು ವರ್ಷದ ಹಿಂದೆ ಅಲ್ಲಿ ರಾಷ್ಟ್ರೀಯ ತಂಡದ ಆಯ್ಕೆಗೆ ಓಟ ನಡೆದಿತ್ತು. ನಮ್ಮಲ್ಲಿ ಆಗ ಎಲ್ಲರಿಗಿಂತ ಜೋರಿದ್ದವಳು ರೇಣುಕಾ. ಅವಳಿಗೆಂದೇ ಪುಣೆಯ ಪರಿಚಯದವರಿಂದ ಒಂದು ಹಗುರ ಸೈಕಲ್ಲು ಎರವಲು ತಂದಿದ್ದೆ. ಕಾರ್ಬನ್ ಎಂಬ ಹೆಸರೂ ಗೊತ್ತಿರದ ನಾನು ಅದನ್ನು ಬಿಚ್ಚಿ, ಪದ್ಧತಿಯಂತೆ ಎಲ್ಲ ಪೈಪಿಗೂ ಗ್ರೀಸ್ ಹಚ್ಚಿ ಕೊಟ್ಟೆ. ನಡುದಾರಿಯಲ್ಲಿ ಜೀಪಿನಿಂದ ನಾನು ಹತ್ತಿರ ಹೋದಾಗ ಅವಳು ಕೂಗಿ ಹೇಳಿದಳು.

“ಸರ್, ಸೀಟ ಕೆಳಗ ಇಳ್ಯಾಕತ್ತೈತ್ರಿ.”

“ನೆಪ ಹೇಳಬ್ಯಾಡ, ತುಳಿ,” ಅಂದೆ.

ಘಟ್ಟದ ಅರ್ಧದಲ್ಲಿ ಅವಳು ಗಾಡಿ ಹತ್ತಿದಳು. ಆಮೇಲೆ ಸೈಕಲ್ಲು ನೋಡಿದರೆ ಸೀಟು ನಿಜವಾಗಿಯೂ ಕೆಳಗಿತ್ತು. ಬೋಲ್ಟು ಬಿಗಿಯಾಗಿತ್ತು. ಬೋಲ್ಟು ಬಿಗಿ ಇದ್ದು ಸೀಟು ಇಳಿಯುವುದು ಹೇಗೆ? ತಾನೇ ಸಡಿಲಿಸಿ, ಇಳಿಸಿ, ಬಿಗಿದು ನಾಟಕ ಮಾಡಿದ್ದಾಳೆ ಎಂದು ನಾಲ್ಕು ತಾಲೂಕಿನ ಮಕ್ಕಳ ಎದುರು ಅವಳಿಗೆ ಹೇಳಿದೆ. “ಗಾಡಿ ಹತ್ತಿದಾಕಿಗೆ ನಾ ಮತ್ತ ಸೈಕಲ್ ಕೊಡಂಗಿಲ್ಲ” ಎಂದೂ ಹೇಳಿದೆ. ಅವಳು ಮರುದಿನದಿಂದ ಬರುವುದು ನಿಲ್ಲಿಸಿದಳು. ಅದೇ ದಿನ ಹುಡುಗರ ಓಟದಲ್ಲಿ ಆಯ್ಕೆಯಾದ ನಿಂಗನಗೌಡ ರೈಲ್ವೆ ಸೇರಿದ.

ಬ್ರೂನೊ ನನ್ನ ಮುಖ ನೋಡಿ ಇನ್ನೊಂದು ಬಾಟಲಿ ನೀರು ಕೊಟ್ಟ. ಮೊಣಕಾಲು ನೋವೆಂದು ಅವನು ಎಣಿಸಿರಬೇಕು.

ಮರುದಿನ, ಗುಡ್ಡ

ಬೆಳಿಗ್ಗೆ ಪಾವೊಲಾ ಮೊಣಕಾಲಿಗೆ ಯಾವುದೋ ಎಣ್ಣೆ ತಿಕ್ಕಿ ಬಟ್ಟೆ ಸುತ್ತಿದಳು. ಅವಳು ಬೇಡ ಎಂದರೂ ಕೇಳದೆ ನಾನು ಸೈಕಲ್ಲು ತೆಗೆದುಕೊಂಡು ಅದೇ ಗುಡ್ಡದ ಬುಡಕ್ಕೆ ಹೋದೆ. ಸೀಟು ಸರಿಯಿದ್ದರೆ ಏನಾಗುತ್ತದೆ ಎಂದು ನನಗೆ ತಿಳಿಯಬೇಕಿತ್ತು.

ನಿಜ ಹೇಳುತ್ತೇನೆ, ಹತ್ತಲಾಗಬಾರದು ಎಂದೇ ಬೇಡಿಕೊಂಡೆ. ಹತ್ತಲಾಗದಿದ್ದರೆ ವಯಸ್ಸಿನ ಮೇಲೆ ಹಾಕಬಹುದಿತ್ತು, ಸೀಟಿನ ಮಾತು ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಸೈಕಲ್ಲು ಹತ್ತಿತು. ಮೊಣಕಾಲು ನೋಯುತ್ತಿತ್ತು, ಉಸಿರು ಕಟ್ಟುತ್ತಿತ್ತು, ಎರಡು ಕಡೆ ನಿಂತು ಸುಧಾರಿಸಿಕೊಂಡೆ. ಆದರೂ ಹತ್ತಿತು. ಅರವತ್ತೊಂದರ ಮುದುಕ, ಹಿಂದಿನ ದಿನ ಹೈರಾಣಾದವನು, ಮೇಲೆ ಮುಟ್ಟಿದೆ. ಹಾಗಾದರೆ ಹತ್ತೊಂಬತ್ತರ ರೇಣುಕಾ ಆ ಘಟ್ಟವನ್ನು ಹಾಡುತ್ತ ಹತ್ತುತ್ತಿದ್ದಳು.

ತುದಿಯಲ್ಲಿ ಒಂದು ಕಲ್ಲಿನ ಗುಡಿ, ಗಾಳಿಮರದಂಥ ಎರಡು ಮರ, ಕೆಳಗೆ ಬಿಳಿ ದಾರಿ ಸುತ್ತಿಕೊಂಡು ಹೋಗುವುದು ಕಾಣುತ್ತಿತ್ತು. ಚೆಲುವಾದ ಜಾಗವೇ ಇರಬೇಕು, ನನಗೆ ನೋಡುವ ತ್ರಾಣವಿರಲಿಲ್ಲ. ಫೋನಿನಲ್ಲಿ ನಿಂಗನಗೌಡನ ಸಂದೇಶಗಳು ಸಾಲುಗಟ್ಟಿದ್ದವು. “ಸರ್, ಫೋಟೋ?” “ಎಲ್ಲಾರೂ ಕಾಯಾಕತ್ತೇವ್ರಿ.” ತುದಿಯಲ್ಲೇ ಇದ್ದೆ, ಸೈಕಲ್ಲೂ ಇತ್ತು, ಒಂದು ಫೋಟೋ ತೆಗೆದು ಕಳಿಸಿದ್ದರೆ ಅದು ಮರುದಿನದ್ದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫೋನು ಜೇಬಿಗೆ ಹಾಕಿಕೊಂಡು ಇಳಿದೆ. ಸಂಜೆ ಎಲ್ಲರಿಗೂ ಒಂದೇ ಸಾಲು ಬರೆದು ಕಳಿಸಿದೆ. ನಾನು ಗಾಡಿ ಹತ್ತಿದೆ, ತಪ್ಪು ನನ್ನದು, ಬಂದು ಹೇಳುತ್ತೇನೆ.

ಅದಕ್ಕೆ ಯಾರೂ ಉತ್ತರ ಬರೆಯಲಿಲ್ಲ. ಮಾಸ್ತರು ಗಾಡಿ ಹತ್ತಿದರೆ ಏನು ಬರೆಯಬೇಕೆಂದು ನಾನು ಕಲಿಸಿರಲಿಲ್ಲ.

ಸಿಂದಗಿಯಿಂದ ಇಂಡಿಗೆ

ಊರಿಗೆ ಬಂದ ಮೂರನೆಯ ದಿನ ಸಿಂದಗಿಗೆ ಹೋಗಿ ಬಸ್ ನಿಲ್ದಾಣದಲ್ಲಿ ಕೂತೆ. ಎರಡು ಬಸ್ಸು ಬಿಟ್ಟೆ, ಮೂರನೆಯದರಲ್ಲಿ ರೇಣುಕಾ ಇದ್ದಳು. ಹತ್ತಿದೆ. ತೊಗರಿ ಚೀಲ, ಕೋಳಿ ಬುಟ್ಟಿ, ಕಾಲೇಜಿನ ಹುಡುಗಿಯರು, ಒಳಗೆ ಕಾಲಿಡಲು ಜಾಗವಿರಲಿಲ್ಲ. ಅವಳು ನನ್ನನ್ನು ಕಂಡು ಒಬ್ಬನನ್ನು ಎಬ್ಬಿಸಿ ಕೂರಿಸಿದಳು.

“ಎಲ್ಲಿಗ್ರಿ ಸರ್?”

“ಇಂಡಿಗೆ. ನಿನ್ನ ಕೂಡ ಮಾತಾಡೂದೈತವಾ.”

“ಮಾತಾಡ್ರಿ. ಟಿಕೆಟ್ ಕೊಟ್ಕೋಂತ ಕೇಳತೇನಿ.”

ನಾನು ವಿಮಾನದಲ್ಲಿ ಕೂತು ಚೆಂದಾಗಿ ಜೋಡಿಸಿಕೊಂಡ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. ಗ್ರೀಸ್ ಎಂದೆ, ಮರಳಿನ ಮುಲಾಮು ಎಂದೆ, ಬ್ರೂನೊ ಎಂದೆ. ಆ ಘಟ್ಟದಲ್ಲಿ ನೀನು ಹೇಳಿದ್ದು ಖರೆ ಇತ್ತು, ನೆಪ ಹೇಳಿದವ ನಾನು ಎಂದೆ. ಅವಳು ನಡುನಡುವೆ ಎದ್ದು ಹೋಗಿ ಟಿಕೆಟ್ ಹರಿದು ಬಂದು ಮತ್ತೆ ನಿಲ್ಲುತ್ತಿದ್ದಳು, ನಾನು ಬಿಟ್ಟಲ್ಲಿಂದ ಶುರು ಮಾಡುತ್ತಿದ್ದೆ. ಪಕ್ಕದಲ್ಲಿ ಕೂತ ಅಜ್ಜಿ ಎಲೆ ಅಡಿಕೆ ಅಗಿಯುವುದನ್ನು ಬಿಟ್ಟು ಕೇಳಿಸಿಕೊಳ್ಳುತ್ತಿದ್ದಳು. ಕೇಳಲಿ ಎಂದುಕೊಂಡೆ. ಅವಳನ್ನು ಬೈದದ್ದೂ ನಾಲ್ಕು ಜನರ ಎದುರಿಗೇ.

“ಅವತ್ತ ಇಂಡ್ಯಾಗ ಸೀಟ ಒತ್ತಿ ನೋಡಿದಿ,” ಕೇಳಿದೆ. “ನಿನಗ ಗೊತ್ತಿತ್ತು. ಬಾಯಿ ಬಿಟ್ಟ ಯಾಕ ಹೇಳಲಿಲ್ಲ?”

“ಒಮ್ಮೆ ಹೇಳಿದ್ನಲ್ರಿ ಸರ್,” ಅಂದಳು.

ಅದರಲ್ಲಿ ಸಿಟ್ಟೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. “ತಪ್ಪಾತವಾ,” ಅಂದೆ. ಮೂವತ್ತು ವರ್ಷದಲ್ಲಿ ಯಾವ ಶಿಷ್ಯನಿಗೂ ಹೇಳದ ಮಾತು ಅದು. ಅವಳು ಹಿಂದಿನ ಬಾಗಿಲಿಗೆ ಹೋದಳು. ಸಾಲೋಟಗಿಯಲ್ಲಿ ಚೀಲದವರು, ಕೋಳಿಯವರು ಎಲ್ಲ ಇಳಿದರು. ಬಸ್ಸು ಅರ್ಧ ಖಾಲಿಯಾಯಿತು.

ಮತ್ತೆ ಹೊರಟ ಮೇಲೆ ರೇಣುಕಾ ಮುಂದೆ ಬಂದು ಎದುರಿನ ಕಂಬಿ ಹಿಡಿದು ನಿಂತಳು.

“ನಿಮ್ದು ಎಷ್ಟ ಇಳದಿತ್ರಿ ಸರ್?”

ನಾನು ಮೂರು ಬೆರಳು ತೋರಿಸಿದೆ.

ಅವಳು ಟಿಕೆಟ್ಟಿನ ಯಂತ್ರವನ್ನು ಬಗಲಿಗೆ ಸರಿಸಿ, ಕಂಬಿ ಬಿಟ್ಟು, ಓಡುವ ಬಸ್ಸಿನಲ್ಲಿ ಅಲುಗಾಡದೆ ನಿಂತು ನಾಲ್ಕು ಬೆರಳು ಎತ್ತಿದಳು.

“ನಂದು ನಾಕ ಇಳದಿತ್ರಿ,” ಅಂದಳು. “ಆಮ್ಯಾಲ ಹತ್ತಿದ್ನಿ ನಾ ಗಾಡಿ.”